ರೈಫಲ್ ಬ್ಯಾರೆಲ್ ಉದ್ದವೋ, ಗಿಡ್ಡವೋ?

ಉದ್ದ ಹೆಚ್ಚಿದಷ್ಟೂ ಗುರಿ ಖಚಿತ ಎಂಬ ನಂಬಿಕೆ ಬಿಡಿ. ಉದ್ದದಿಂದ ಸಿಗುವುದು ಗುಂಡಿಗೆ ವೇಗ. ಐದು ಗುಂಡು ಒತ್ತಾಗಿ ಬೀಳುವುದು ಬ್ಯಾರೆಲಿನ ಬಿಗಿತ, ಗುಂಡು ಹೊರಬೀಳುವ ಬಾಯಿಯ ಅಂಚು, ಮದ್ದಿನ ಹೊಂದಾಣಿಕೆಯಿಂದ.

.308 ಎಂಬ ದೊಡ್ಡ ರೈಫಲ್ ಗುಂಡಿನ ಅಳತೆಯಲ್ಲಿ 20 ಮತ್ತು 26 ಇಂಚಿನ ಬ್ಯಾರೆಲನ್ನು ಹೋಲಿಸೋಣ. ಪ್ರತಿ ಇಂಚಿಗೆ ವೇಗ ಸೆಕೆಂಡಿಗೆ ಸುಮಾರು 20–25 ಅಡಿ ಏರುವ ಲೆಕ್ಕದಲ್ಲಿ 26ರ ಗುಂಡು ಸೆಕೆಂಡಿಗೆ 120–150 ಅಡಿ ಹೆಚ್ಚು ವೇಗದ್ದು. 300 ಮೀಟರಿನಲ್ಲಿ ಇದು ಗುರಿ ನೋಡುವ ಸೈಟಿನ ತಿರುಪನ್ನು ಒಂದೆರಡು ಕ್ಲಿಕ್ ತಿರುಗಿಸುವ ಮಾತು, ಅಷ್ಟೇ. 800 ದಾಟಿದರೆ ಹಾಗಲ್ಲ: ನಿಧಾನದ ಗುಂಡನ್ನು ಗಾಳಿ ಹೆಚ್ಚು ತಳ್ಳುತ್ತದೆ, ಶಬ್ದದ ವೇಗಕ್ಕೆ ಇಳಿಯುವ ಹೊತ್ತಿಗೆ ಅದು ತೊನೆದಾಡಲೂಬಹುದು. ಅಲ್ಲಿಗೆ 26 ಇಂಚೇ ಸರಿ. ಆದರೆ ದಪ್ಪ ಒಂದೇ ಇದ್ದರೆ 20 ಇಂಚಿನದು ಸುಮಾರು 2.2 ಪಟ್ಟು ಬಿಗಿ, ಹೊರಲೂ ಹಗುರ. ಸದ್ದು, ಬೆಂಕಿ ಮಾತ್ರ ಜೋರು.

ಮಂಗಳೂರು, ಉಡುಪಿಯಲ್ಲಿ .22 ಎಂಬ ಸಣ್ಣ ಗುಂಡಿನ ರೈಫಲಿನಿಂದ 50 ಮೀಟರ್ ಅಭ್ಯಾಸ ಮಾಡುವವರಿಗೆ ಈ ಲೆಕ್ಕ ಬೇಡ. ಇದರ ಮದ್ದು 16–18 ಇಂಚಿನೊಳಗೇ ಉರಿದು ಮುಗಿಯುತ್ತದೆ. ಮುಂದಿನದು ಬರೀ ಉಜ್ಜಾಟ. ಉದ್ದದ ಲಾಭವೆಂದರೆ ಮುಂದಿನ-ಹಿಂದಿನ ಸೈಟುಗಳ ಅಂತರ. ಟೆಲಿಸ್ಕೋಪ್ ಹಾಕಿದರೆ ಅದೂ ಇಲ್ಲ.

ಕರಾವಳಿಯ ಮಳೆಗಾಲದಲ್ಲಿ ಗುರಿ ಕೆಡಿಸುವುದು ಉದ್ದಕ್ಕಿಂತ ತುಕ್ಕು. ಬಾಯಿಯಂಚು ಒಂದೇ ಕಡೆ ತಿಂದುಹೋದರೆ ಹೊರಬೀಳುವ ಗುಂಡಿನ ಹಿಂದಿನ ಅನಿಲ ಓರೆಯಾಗಿ ತಳ್ಳುತ್ತದೆ. ಹೊಡೆದ ದಿನವೇ ಒರೆಸಿ ತೆಳುವಾಗಿ ಎಣ್ಣೆ ಹಚ್ಚಿರಿ. ತೇವ ಹಿಡಿದಿಡುವ ಫೋಮ್ ಪೆಟ್ಟಿಗೆಯಲ್ಲಿ ಮುಚ್ಚಿಡಬೇಡಿ. ಮರುದಿನ ಒಣಬಟ್ಟೆ ಹಾಯಿಸಿ ಒಳಗಿನ ಎಣ್ಣೆ ತೆಗೆಯದೆ ಹೊಡೆದರೆ ಮೊದಲ ಗುಂಡು ಬೇರೆಡೆ ಬೀಳುತ್ತದೆ.