ಗಾಳಿಯ ಲೆಕ್ಕ ಬಲ್ಲ ಕಟ್ಟಡ: ಯಲಹಂಕದ ನಮ್ಮ ಪ್ರಯೋಗಾಲಯವನ್ನು ವರ್ಷಗಟ್ಟಲೆ ಬಳಸಿದ ಮೇಲೆ

ಯಲಹಂಕದ ಆಚೆಗಿರುವ ನಮ್ಮ ಸಂಸ್ಥೆ ಕೋವಿಡ್ ಹಾವಳಿ ತಗ್ಗಿದ ಮೇಲೆ ಹೊಸ ಪ್ರಯೋಗಾಲಯ ಕಟ್ಟಡಕ್ಕೆ ಬಂದಿತು. ಅಂದಿನಿಂದ ರಸಾಯನ ವಿಭಾಗದ ಉಸ್ತುವಾರಿ ನನ್ನದು. ಹಸಿರು ಕಟ್ಟಡವೊಂದನ್ನು ಉದ್ಘಾಟನೆಯ ವಾರದಲ್ಲಿ ಹೊಗಳುವುದು ಸುಲಭ. ಹಲವು ಬೇಸಿಗೆ, ಮಳೆಗಾಲಗಳನ್ನು ಅದರೊಳಗೆ ಕಳೆದ ಮೇಲೆ ನಾನು ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ.

ಪ್ರಯೋಗಾಲಯದ ವಿದ್ಯುತ್ ಬಿಲ್ಲು ಏರುವುದು ಮುಖ್ಯವಾಗಿ ಗಾಳಿಯಿಂದ. ಕಚೇರಿಯಲ್ಲಿ ತಂಪು ಮಾಡಿದ ಗಾಳಿಯನ್ನೇ ಮತ್ತೆ ಮತ್ತೆ ಸುತ್ತಿಸಬಹುದು. ದ್ರಾವಕಗಳ ಆವಿ ಏಳುವ ಕಡೆ ಅದು ಸಲ್ಲದು. ಒಳಗೆ ಬಂದ ಗಾಳಿ ಒಮ್ಮೆ ಬಳಕೆಯಾಗಿ ಹೊರಗೆ ಹೋಗಲೇಬೇಕು. ಆವಿಯನ್ನು ಹೊರಗೆಳೆಯುವ, ಗಾಜಿನ ಕದವಿರುವ ಪೆಟ್ಟಿಗೆಯೇ ಫ್ಯೂಮ್ ಹುಡ್. ಸುಮಾರು 1.8 ಮೀಟರ್ ಅಗಲದ ಹುಡ್‌ನ ಕದವನ್ನು ಅರ್ಧ ಮೀಟರ್ ಎತ್ತಿಟ್ಟು, ಸೆಕೆಂಡಿಗೆ 0.5 ಮೀಟರ್ ವೇಗದಲ್ಲಿ ಗಾಳಿ ಎಳೆದರೆ ಗಂಟೆಗೆ 1,600 ಘನ ಮೀಟರ್‌ಗೂ ಹೆಚ್ಚು ಗಾಳಿ ಹೊರಬೀಳುತ್ತದೆ. ಅಷ್ಟೂ ಗಾಳಿಗೆ ಬದಲಾಗಿ ಹೊಸ ಗಾಳಿಯನ್ನು ಸೋಸಿ, ತಂಪು ಮಾಡಿ, ತೇವ ತೆಗೆದು ಒಳಗೆ ಬಿಡಬೇಕು. ಹಾಗಾಗಿ ಚಾವಣಿಯ ಮೇಲೆ ಸೌರಫಲಕ ಎಷ್ಟಿದೆ ಎಂದು ಕೇಳುವ ಮೊದಲು ಹುಡ್‌ಗಳು ಎಷ್ಟಿವೆ, ಅವು ಹೇಗೆ ನಡೆಯುತ್ತವೆ ಎಂದು ಕೇಳಬೇಕು. ಇಲ್ಲಿ ಕದ ಇಳಿಸಿದ ಕೂಡಲೇ, ಗಾಳಿಯ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವ ಡ್ಯಾಂಪರ್ ಕಿರಿದಾಗಿ ಗಾಳಿಯ ಪ್ರಮಾಣ ತಗ್ಗುತ್ತದೆ, ಫ್ಯಾನಿನ ವೇಗವೂ ಇಳಿಯುತ್ತದೆ. ಸಂಜೆ ಹೊರಡುವಾಗ ಕದ ಇಳಿಸುವುದನ್ನು ನಮ್ಮ ವಿದ್ಯಾರ್ಥಿಗಳು ರೂಢಿ ಮಾಡಿಕೊಂಡಿದ್ದಾರೆ. ಅದು ತಪ್ಪಿದ ರಾತ್ರಿ ಯಂತ್ರ ಎಷ್ಟೇ ಜಾಣವಾಗಿದ್ದರೂ ಉಳಿತಾಯವಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾದದ್ದು ಯಂತ್ರವಲ್ಲ, ಕೋಣೆಗಳ ವಿಂಗಡಣೆ. ಮೊದಲ ನಕ್ಷೆಯಿಂದಲೇ ವಾಸ್ತುಶಿಲ್ಪಿಯೂ ಹವಾನಿಯಂತ್ರಣದ ಎಂಜಿನಿಯರೂ ಒಂದೇ ಮೇಜಿನ ಸುತ್ತ ಕುಳಿತಿದ್ದರು. ಬಳಸುವವರಾದ ನಮ್ಮನ್ನೂ ಕರೆದಿದ್ದರು. ಹಳೆಯ ಕಟ್ಟಡದಲ್ಲಿ ಓದುವ, ಬರೆಯುವ ಮೇಜುಗಳು ಪ್ರಯೋಗಾಲಯದೊಳಗೇ ಇದ್ದವು. ಕಂಪ್ಯೂಟರ್ ಮುಂದೆ ಕುಳಿತವನಿಗೂ ಅಷ್ಟೇ ದುಬಾರಿ ಗಾಳಿ. ಇಲ್ಲಿ ಅವೆಲ್ಲ ಉತ್ತರದ ಪಟ್ಟಿಗೆ ಬಂದಿವೆ. ಅಲ್ಲಿ ತೆರೆಯುವ ಕಿಟಕಿ, ಆಳವಾದ ಸಜ್ಜಾ, ಸೀಲಿಂಗ್ ಫ್ಯಾನ್ ಅಷ್ಟೇ. ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿರುವ ಈ ಊರಿನಲ್ಲಿ ವರ್ಷದ ಬಹುಪಾಲು ಅಷ್ಟು ಸಾಕು. ದೊಮ್ಮಲೂರಿನ ಟೆರಿ (ಇಂಧನ ಮತ್ತು ಸಂಪನ್ಮೂಲ ಸಂಸ್ಥೆ) ಕಟ್ಟಡದಲ್ಲಿ ದಕ್ಷಿಣದ ಕಪ್ಪು ಕಡಪ ಕಲ್ಲಿನ ಗೋಡೆ ಬಿಸಿಲಿಗೆ ಕಾದು, ಬಿಸಿಗಾಳಿಯನ್ನು ಮೇಲಕ್ಕೆಳೆದು ಒಳಗೆ ಗಾಳಿಯಾಡುವಂತೆ ಮಾಡುವುದನ್ನು ನೋಡಿದವರಿಗೆ ಇದು ಹೊಸ ಮಾತಲ್ಲ. ಏಪ್ರಿಲ್‌ನ ಮಧ್ಯಾಹ್ನಗಳು ಮಾತ್ರ ಕಷ್ಟ. ಆಗ ಬೆವರುತ್ತಲೇ ಕೆಲಸ ಮಾಡುತ್ತೇವೆ.

ಈ ಎರಡು ಭಾಗಗಳ ನಡುವಿನ ಬಾಗಿಲೇ ಸೂಕ್ಷ್ಮ ಜಾಗ. ಆವಿ ಹೊರಬಾರದಂತೆ ಪ್ರಯೋಗಾಲಯದಲ್ಲಿ ಗಾಳಿಯ ಒತ್ತಡ ತುಸು ಕಡಿಮೆ ಇರಬೇಕು. ಜೂನ್, ಜುಲೈಯಲ್ಲಿ ಪಡುವಣ ಗಾಳಿ ಬೀಸಿದಾಗ ತೆರೆದ ಕಿಟಕಿಗಳಿಂದಾಗಿ ಆ ಒತ್ತಡ ಏರುಪೇರಾಗುತ್ತಿತ್ತು. ಇದನ್ನು ಮೊದಲೇ ಊಹಿಸಿ ಎರಡು ಬಾಗಿಲುಗಳ ಪುಟ್ಟ ನಡುಕೋಣೆಗೆ ಜಾಗ ಬಿಟ್ಟಿದ್ದರಿಂದ, ಎರಡನೆಯ ಬಾಗಿಲು ಕೂರಿಸಿದೊಡನೆ ತೊಂದರೆ ನಿಂತಿತು. ಇಂಥ ಮುಂದಾಲೋಚನೆಗೆ ನಾನು ಕೃತಜ್ಞ.

ಮಳೆಗಾಲದ ಇನ್ನೊಂದು ಸಮಸ್ಯೆ ತೇವ. ಅದನ್ನು ತೆಗೆಯಲು ಗಾಳಿಯನ್ನು ಬೇಕಾದ್ದಕ್ಕಿಂತ ಹೆಚ್ಚು ತಣ್ಣಗಾಗಿಸಿ, ಬಳಿಕ ಮತ್ತೆ ಬೆಚ್ಚಗೆ ಮಾಡಬೇಕು. ಹಳೆಯ ಕಟ್ಟಡದಲ್ಲಿ ಇದಕ್ಕೆ ವಿದ್ಯುತ್ ಹೀಟರ್ ಇತ್ತು: ಒಂದು ಕೈಯಲ್ಲಿ ತಂಪು ಮಾಡಿ ಇನ್ನೊಂದು ಕೈಯಲ್ಲಿ ಬಿಸಿ ಮಾಡುವ ವ್ಯರ್ಥ ವೆಚ್ಚ. ಇಲ್ಲಿ ಒಳಬರುವ ಗಾಳಿಯ ಶಾಖವನ್ನೇ ಜೋಡಿ ಕೊಳವೆ ಸುರುಳಿಗಳೊಳಗಿನ ನೀರು ಹೊತ್ತು ತಂದು, ತಣ್ಣಗಾದ ಗಾಳಿಗೆ ಕೊಡುತ್ತದೆ. ಮೊದಲ ಸುರುಳಿಯಲ್ಲೇ ಗಾಳಿ ಅಷ್ಟು ತಣಿಯುವುದರಿಂದ ತಂಪು ನೀರು ಒದಗಿಸುವ ಯಂತ್ರವಾದ ಚಿಲ್ಲರ್‌ನ ಹೊರೆಯೂ ಇಳಿಯುತ್ತದೆ. ಗಾಳಿಯಿಂದ ಇಳಿದ ನೀರನ್ನು ಚರಂಡಿಗೆ ಬಿಡದೆ, ಚಿಲ್ಲರ್‌ನ ಶಾಖವನ್ನು ಹೊರಹಾಕುವ ಕೂಲಿಂಗ್ ಟವರ್‌ಗೆ ಕಳುಹಿಸುತ್ತಾರೆ.

ನೀರಿನ ವಿಷಯದಲ್ಲಿ 2024ರ ಬೇಸಿಗೆಯೇ ನಿಜವಾದ ಪರೀಕ್ಷೆ. ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪ್ ಆಗಿ ಬರುವ ಕಾವೇರಿ ನೀರನ್ನು, ಆವಿಯನ್ನು ತಣಿಸಿ ದ್ರವ ಮಾಡುವ ಕಂಡೆನ್ಸರ್‌ನ ತಂಪಿಗೆಂದು ನಲ್ಲಿಯಿಂದ ಹರಿಸಿ ಚೆಲ್ಲುವುದು ನನ್ನ ದೃಷ್ಟಿಯಲ್ಲಿ ಅಪರಾಧ. ಇಲ್ಲಿ ಪ್ರತಿ ಬೆಂಚಿಗೂ ತಂಪು ನೀರು ಸುತ್ತುವ ಮುಚ್ಚಿದ ಕೊಳವೆ ಬಂದಿದೆ. ಆರ್‌ಒ ಘಟಕ ಹೊರಬಿಡುವ ನೀರು ಶೌಚಾಲಯಕ್ಕೆ ಹೋಗುತ್ತದೆ. ಆ ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದೆವು, ಆದರೆ ಪ್ರಯೋಗ ನಿಲ್ಲಿಸಲಿಲ್ಲ.

ಇನ್ನು ಕಡಿದ ಅಂಕದ ವಿಷಯ. ನಿರ್ವಹಣೆಯ ಗುತ್ತಿಗೆ ಪಡೆದ ಸಂಸ್ಥೆ ಫಿಲ್ಟರ್ ಬದಲಿಸುವುದನ್ನಷ್ಟೇ ನಿರ್ವಹಣೆ ಎಂದುಕೊಂಡಿದೆ. ಗಾಳಿಯ ವೇಗ ಅಳೆಯುವ ಸೆನ್ಸರ್‌ಗಳಿಗೆ ಧೂಳು ಕಟ್ಟಿ ತಪ್ಪು ಅಂಕಿ ತೋರಿಸತೊಡಗಿದಾಗ, ಕದ ಇಳಿಸಿದರೂ ಡ್ಯಾಂಪರ್ ತೆರೆದೇ ಇರುತ್ತಿತ್ತು. ಬಿಲ್ಲು ಏರಿದ್ದನ್ನು ಕಂಡು ನಾವೇ ಹುಡ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿ ಕಾರಣ ಹಿಡಿಯಬೇಕಾಯಿತು. ಪದೇ ಪದೇ ಪತ್ರ ಬರೆದ ಮೇಲೆ ದುರಸ್ತಿಯಾಯಿತು. ಮೈನಸ್ 80 ಡಿಗ್ರಿ ಫ್ರೀಜರ್‌ಗಳ ಕೋಣೆಯೂ ಇಕ್ಕಟ್ಟು. ಅವು ಉಗುಳುವ ಬಿಸಿಗೆ ನೇರವಾಗಿ ಹೊರಗೆ ಹೋಗುವ ದಾರಿ ಕೊಟ್ಟಿಲ್ಲ. ತಡೆದುಕೊಳ್ಳಬಲ್ಲ ಮಾದರಿಗಳಿರುವ ಫ್ರೀಜರ್‌ಗಳನ್ನು ಮೈನಸ್ 70ಕ್ಕೆ ಏರಿಸಿ ಹೊರೆ ತುಸು ಇಳಿಸಿದ್ದೇವೆ.

ಹೊಸ ಪ್ರಯೋಗಾಲಯ ಕಟ್ಟಿಸಲು ಹೊರಟವರು ಡಕ್ಟ್ ಮತ್ತು ಕೊಳವೆಗಳಿಗೆ ಮನುಷ್ಯ ಹೋಗಿ ನಿಂತು ಕೆಲಸ ಮಾಡುವಷ್ಟು ಅಗಲದ ಸರ್ವಿಸ್ ಕಾರಿಡಾರ್ ಕೇಳಿ. ಜಾಗ ಹಾಳು ಎಂದು ಹಣಕಾಸು ವಿಭಾಗ ಅದನ್ನು ಕತ್ತರಿಸಲು ಬಂದರೆ ಬಿಡಬೇಡಿ. ನಾವು ಒಂದು ಬೆಂಚನ್ನೂ ಖಾಲಿ ಮಾಡಿಸದೆ ಸೆನ್ಸರ್‌ಗಳನ್ನು ಬದಲಿಸಿದ್ದು ಅದರಿಂದಲೇ. ಸೆನ್ಸರ್‌ಗಳನ್ನು ಪ್ರತಿ ವರ್ಷ ಪರೀಕ್ಷಿಸಿ ಸರಿಹೊಂದಿಸುವ ಕೆಲಸವನ್ನೂ, ಅದರ ವರದಿ ಬಳಕೆದಾರರ ಕೈಗೆ ಸೇರಬೇಕೆಂಬುದನ್ನೂ ಟೆಂಡರಿನಲ್ಲೇ ಬರೆಸಿ. ನಮ್ಮ ಮುಂದಿನ ಗುತ್ತಿಗೆಯ ಕರಡಿನಲ್ಲಿ ಈ ಎರಡು ಸಾಲುಗಳನ್ನು ಸೇರಿಸಿಯಾಗಿದೆ.