ಮನೆ ಮೇಲಿನ 3 ಕಿಲೋವ್ಯಾಟ್ ಸೋಲಾರ್: ಕರೆಂಟ್ ಹೋದ್ರೆ ಇದೂ ಹೋಗುತ್ತೆ

ಮೊದಲು ಬೈದುಬಿಡುತ್ತೇನೆ. ಹೊರಗೆ ಒಳ್ಳೇ ಬಿಸಿಲು, ತಾರಸಿ ಮೇಲೆ ಪ್ಯಾನೆಲ್‌ಗಳು ಪಳಪಳ ಅಂತಿವೆ, ಒಳಗೆ ಫ್ಯಾನ್ ನಿಂತಿದೆ. ಸಕಲೇಶಪುರದ ಕಡೆ ಎಲ್ಲೋ ಲೈನ್ ಮೇಲೆ ಕೊಂಬೆ ಬಿತ್ತು ಅಂದರೆ ನಮ್ಮ ಸೋಲಾರ್ ಕೂಡ ಆಫ್! ಆನ್‌ಗ್ರಿಡ್ ಇನ್ವರ್ಟರ್, ಅಂದರೆ ಕರೆಂಟ್ ಲೈನಿಗೇ ಜೋಡಿಸಿದ್ದು, ಇರುವುದೇ ಹಾಗಂತೆ. ಲೈನ್ ಸತ್ತಾಗಲೂ ಅದು ಓಡುತ್ತಿದ್ದರೆ ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಮ್ಮ ಮನೆಯ ಕರೆಂಟೇ ಹೊಡೆಯಬಹುದು. ಸರಿ, ಒಪ್ಪಿದೆ. ಆದರೆ ಮಾರುವವರು ಇದನ್ನು ಮೊದಲೇ ಹೇಳಬೇಕು ತಾನೇ? ಮಲೆನಾಡಿನ ಮಳೆಗಾಲ ಗೊತ್ತಿದ್ದೂ ಬ್ಯಾಟರಿ ಮಾತೇ ಎತ್ತಲಿಲ್ಲ. "78,000 ಸಬ್ಸಿಡಿ ಬರುತ್ತೆ ಸಾರ್" ಅನ್ನೋದೊಂದೇ ಮಂತ್ರ. (ಬಂತು, ಅದು ಸುಳ್ಳಲ್ಲ.) ಈಗ ಕರೆಂಟ್ ಹೋದಾಗ ಹಳೇ ಯುಪಿಎಸ್ಸೇ ಗತಿ.

ಇನ್ನೊಂದು ತಲೆನೋವು ಸಿಲ್ವರ್ ಓಕ್. ಮಧ್ಯಾಹ್ನದ ಮೇಲೆ ಅದರ ನೆರಳು ಮೂಲೆಯ ಪ್ಯಾನೆಲ್ ಮೇಲೆ ಬೀಳುತ್ತದೆ. ಎಲ್ಲಾ ಒಂದೇ ಸಾಲಿನಲ್ಲಿ ಜೋಡಿಸಿರುವುದರಿಂದ ಒಟ್ಟು ಯೂನಿಟ್ಟೇ ಇಳಿಯುತ್ತದೆ. ಕಡಿಯೋಣ ಅಂದರೆ ಅಮ್ಮ ಬಿಡಲ್ಲ, ಮರದ ತುಂಬಾ ಮೆಣಸಿನ ಬಳ್ಳಿ.

ಇಷ್ಟೆಲ್ಲಾ ಬೈದರೂ ಬೆಳಗ್ಗೆ ಎದ್ದು ತಾರಸಿ ಹತ್ತುವುದು ತಪ್ಪಿಲ್ಲ. ಗಾಜು ತಣ್ಣಗಿರುವಾಗಲೇ ಹಳೇ ಪಂಚೆ ತುಂಡಿನಿಂದ ಇಬ್ಬನಿ, ಹಕ್ಕಿ ಹಿಕ್ಕೆ ಎಲ್ಲಾ ಒರೆಸುತ್ತೇನೆ. ಮಂಜು ಕರಗಿ ಬೆಳಕು ತಾಗಿದ ಮೇಲೆ ಕೆಳಗೆ ಇನ್ವರ್ಟರ್ ಒಳಗೆ 'ಟಕ್' ಅಂತ ಸದ್ದು, ಹಸಿರು ದೀಪ. ಪ್ಯಾನೆಲ್ಲಿನ ಡಿಸಿ ಕರೆಂಟ್ ಅಲ್ಲಿಂದ ಮನೆಯಲ್ಲಿ ಬಳಸುವ ಎಸಿ ಕರೆಂಟ್ ಆಗಿ ಬರಲು ಶುರು. ಆ ಸದ್ದು ಕೇಳದೆ ಅಪ್ಪ ಮೋಟಾರ್ ಹಾಕಲು ಬಿಡಲ್ಲ. ನೆಟ್ ಮೀಟರ್ ಲೈನಿಗೆ ಹೋದದ್ದನ್ನೂ ಅಲ್ಲಿಂದ ಬಂದದ್ದನ್ನೂ ಲೆಕ್ಕ ಇಡುತ್ತೆ, ಯಾವಾಗ ಹಾಕಿದರೂ ಒಂದೇ ಅಂದರೂ ಕೇಳಲ್ಲ.

ಖುಷಿ ಕೊಟ್ಟಿದ್ದು ಚಳಿಗಾಲ. ಏಪ್ರಿಲ್‌ನಲ್ಲಿ ಜಾಸ್ತಿ ಬರುತ್ತೆ ಅಂದುಕೊಂಡಿದ್ದೆವು, ಆದರೆ ಜನವರಿಯ ತಣ್ಣನೆ ಬಿಸಿಲಿನಲ್ಲೇ ದಿನಕ್ಕೆ 12 ಯೂನಿಟ್ ಹತ್ತಿರ ಬಂತು. ಪ್ಯಾನೆಲ್ ಒಳಗಿನ ಸಿಲಿಕಾನ್‌ಗೆ ಬೇಕಾದದ್ದು ಬೆಳಕು, ಕಾವಲ್ಲ. ಪ್ಯಾನೆಲ್ 25 ಡಿಗ್ರಿಗಿಂತ ಬಿಸಿಯಾದಂತೆ ಪ್ರತಿ ಡಿಗ್ರಿಗೆ ಶೇ. 0.3ರಿಂದ 0.4ರಷ್ಟು ಶಕ್ತಿ ಇಳಿಯುತ್ತದೆ. ಜುಲೈನಲ್ಲಿ ಜಡಿಮಳೆ ಹಿಡಿದರೆ 3 ಯೂನಿಟ್ ಬಂದರೆ ಪುಣ್ಯ, ಅದು ಬೇರೆ ಮಾತು.

ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವವರು ಸುಮ್ನೆ ದುಡ್ಡು ಹಾಕಬೇಡಿ. ನಮ್ಮದು ತಿಂಗಳಿಗೆ 200 ಯೂನಿಟ್ ದಾಟುತ್ತಿತ್ತು, ಹಾಗಾಗಿ ಲೆಕ್ಕ ಕೂಡಿಬಂತು. ನಮ್ಮ ಕಡೆಯವರು ಹಾಕಿಸುವುದಾದರೆ ಬ್ಯಾಟರಿ ಕೂರುವ ಹೈಬ್ರಿಡ್ ಇನ್ವರ್ಟರ್ ರೇಟನ್ನೂ ಕೇಳಿ. ಜಾಸ್ತಿಯೇ ಆಗುತ್ತೆ, ಆದರೂ ಕೇಳಿ.