ಸ್ಲೈಡಿಂಗ್ ಬಾಗಿಲು ಮಾಡಿಸುತ್ತೀರಾ? ಹ್ಯಾಂಡಲ್ ಕೊನೆಗೆ ನೋಡೋಣ ಅನ್ನಬೇಡಿ

ಮನೆಯೊಳಗಿನ ಸ್ಲೈಡಿಂಗ್ ಬಾಗಿಲಿಗೆ ಟ್ರ್ಯಾಕ್ ಕೂರಿಸಿ, ಬಾಗಿಲು ತೂಗುಹಾಕಿ, ಲ್ಯಾಮಿನೇಟ್ ಅಂಟಿಸಿ, ಎಲ್ಲ ಮುಗಿದ ಮೇಲೆ ಹ್ಯಾಂಡಲ್ ತರಲು ಹೋಗುವವರೇ ಹೆಚ್ಚು. ಹಾಗೆ ಮಾಡಿ ಕೆಟ್ಟುಹೋದ ಸ್ನಾನದ ಕೋಣೆಯ ಬಾಗಿಲೊಂದರ ಕಥೆ ಇದು. ಒಂದು ತಪ್ಪು ತಿದ್ದಲು ಹೋಗಿ ಇನ್ನೊಂದು, ಅದನ್ನು ತಿದ್ದಲು ಹೋಗಿ ಮತ್ತೊಂದು.

ಗೋಡೆಯೊಳಗೆ ಸರಿದು ಮರೆಯಾಗುವ ಪಾಕೆಟ್ ಬಾಗಿಲು ಅದು. ಬಾಗಿಲಿನ ದಪ್ಪ 30 ಮಿ.ಮೀ., ಓಡಾಡುವ ತೆರಪು 750 ಮಿ.ಮೀ. ಗೋಡೆಯೊಳಗಿನ ಸಂದಿನಲ್ಲಿ ಬಾಗಿಲಿನ ಎರಡೂ ಬದಿಗೆ ಉಳಿದದ್ದು ತಲಾ 6 ಮಿ.ಮೀ. ಅದಕ್ಕೆ ಚೆಂದ ಕಾಣುತ್ತದೆಂದು ಉದ್ದನೆಯ ಸ್ಟೀಲ್ ಹಿಡಿ ಹಾಕಿಸಿದರು. ಬಾಗಿಲಿನ ಮೈಯಿಂದ 40 ಮಿ.ಮೀ. ಹೊರಗೆ ಚಾಚಿದ ಹಿಡಿ 6 ಮಿ.ಮೀ. ಸಂದಿಗೆ ಹೋಗುವುದಾದರೂ ಹೇಗೆ? ಹಿಡಿಯ ನಡುಗೆರೆ ಬಾಗಿಲಿನ ಅಂಚಿನಿಂದ 60 ಮಿ.ಮೀ., ಹಿಡಿಯ ದಪ್ಪ 25 ಮಿ.ಮೀ. ಅಲ್ಲಿಗೆ ಬಾಗಿಲಿನ 72 ಮಿ.ಮೀ.ಗೂ ಹೆಚ್ಚು ಭಾಗ ಯಾವಾಗಲೂ ಹೊರಗೇ ಉಳಿಯಬೇಕು. ಹಿಡಿ ಚೌಕಟ್ಟಿಗೆ ಬಡಿಯದಂತೆ ಸ್ಟಾಪರ್ ಮುಂದಕ್ಕೆ ತಂದಾಗ 750 ಇದ್ದ ತೆರಪು 670ಕ್ಕೆ ಇಳಿಯಿತು. ಅಷ್ಟರೊಳಗೆ ಚೌಕಟ್ಟಿನ ಅಂಚಿನ ಲ್ಯಾಮಿನೇಟ್ ಆಗಲೇ ಚಕ್ಕೆ ಎದ್ದಿತ್ತು.

ಎರಡನೆಯ ಹೆಜ್ಜೆಯಾಗಿ ಹಿಡಿ ಕಿತ್ತು, ಬಾಗಿಲಿನೊಳಗೆ ಹುದುಗುವ ಫ್ಲಶ್ ಹ್ಯಾಂಡಲ್ ತಂದರು. ಆಯ್ಕೆ ಸರಿ, ಅಳತೆ ತಪ್ಪು. ಒಂದೊಂದರ ಬೆರಳು ಹಾಕುವ ಬಟ್ಟಲು 14 ಮಿ.ಮೀ. ಆಳ. ಎರಡೂ ಬದಿಗೆ ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿದರೆ 28 ಮಿ.ಮೀ. ಹೋಗಿ, ನಡುವೆ ಉಳಿಯುವ ಮರ 2 ಮಿ.ಮೀ. ಮರ ಕೊರೆಯುವ ರೂಟರ್ ಯಂತ್ರ ಸ್ವಲ್ಪ ಆಳಕ್ಕಿಳಿಯುತ್ತಲೇ ಆ ಪದರವೂ ಸೀಳಿತು. ಈ ಬದಿಯ ಹ್ಯಾಂಡಲ್ ಒತ್ತಿದರೆ ಆ ಬದಿಯದು ಕಟಕಟ ಅನ್ನುತ್ತಿತ್ತು. ತಿರುಪಿಗೆ ಹಿಡಿತವೇ ಇರಲಿಲ್ಲ.

ಮೂರನೆಯದು ಬೀಗ. ಸಾಮಾನ್ಯ ಬಾಗಿಲಿನ ಬೀಗದ ನಾಲಿಗೆ ನೇರವಾಗಿ ಹೋಗಿ ನೇರವಾಗಿ ಬರುತ್ತದೆ, ಸರಿಯುವ ಬಾಗಿಲನ್ನು ಹಿಡಿದು ನಿಲ್ಲಿಸಲು ಅದರಿಂದಾಗದು. ಸ್ಲೈಡಿಂಗ್ ಬಾಗಿಲಿಗೆ ಕೊಕ್ಕೆ ನಾಲಿಗೆಯ ಬೀಗವೇ ಬೇಕು. ಅದರ ಪೆಟ್ಟಿಗೆಯನ್ನು ಬಾಗಿಲಿನ ಅಂಚಿನಿಂದ ಒಳಕ್ಕೆ ಕೊರೆದು ಕೂರಿಸಲು ಹೋದಾಗ ಆ ಜಾಗದಲ್ಲಿ ಆಗಲೇ ಹ್ಯಾಂಡಲಿನ ಬಟ್ಟಲುಗಳು ಕೂತಿದ್ದವು. ಬೀಗ 150 ಮಿ.ಮೀ. ಕೆಳಗಿಳಿಯಿತು, ಹಳೆಯ ತೂತುಗಳು ಮೇಲೆ ಬಾಯಿ ಬಿಟ್ಟುಕೊಂಡಿದ್ದವು. ಕೊನೆಗೆ ಬಾಗಿಲನ್ನೇ ಬದಲಿಸಿದರು.

ಇದೆಲ್ಲ ತಪ್ಪಲು ಒಂದೇ ಲೆಕ್ಕ ಸಾಕಿತ್ತು: ಎರಡೂ ಹ್ಯಾಂಡಲ್‌ಗಳ ಆಳ ಕೂಡಿಸಿ, ಅದಕ್ಕೆ ಕನಿಷ್ಠ 5 ಮಿ.ಮೀ. ಸೇರಿಸಿ. ಬಾಗಿಲಿನ ದಪ್ಪ ಅದಕ್ಕಿಂತ ಕಡಿಮೆ ಇದ್ದರೆ ಆ ಜೋಡಿ ಬೇಡ. 35 ಮಿ.ಮೀ. ಬಾಗಿಲಿಗೆ ತಲಾ 14 ಆಳದವು ಕೂರುತ್ತವೆ, 30 ಮಿ.ಮೀ.ಗೆ ಕೂರುವುದಿಲ್ಲ. ತೆಳು ಬಾಗಿಲೇ ಇದ್ದರೆ, ಬಾಗಿಲಿನಲ್ಲಿ ಆರಪಾರ ತೂತು ಹಾಕಿ ಎರಡೂ ಬದಿಯ ತಟ್ಟೆಗಳನ್ನು ಒಂದಕ್ಕೊಂದು ತಿರುಪಿನಿಂದ ಬಿಗಿಯುವ ಜೋಡಿ ಸೆಟ್ ತನ್ನಿ. ಅದಕ್ಕೆ ನಡುವೆ ಮರ ಉಳಿಯಬೇಕಿಲ್ಲ. ಬೀಗ ಬೇಕಾದ ಕೋಣೆಗೆ ಹ್ಯಾಂಡಲ್, ಬೀಗ ಒಂದೇ ತಟ್ಟೆಯಲ್ಲಿ ಬರುವ ಸೆಟ್ಟೇ ಸರಿ. ಸ್ನಾನದ ಕೋಣೆಯಾದರೆ ಹೊರಗಿನಿಂದ ನಾಣ್ಯ ತಿರುಗಿಸಿ ತೆರೆಯುವಂಥದ್ದು ಇರಲಿ, ಮಕ್ಕಳು ಒಳಗೆ ಚಿಲಕ ಹಾಕಿಕೊಂಡಾಗ ಬೇಕಾಗುತ್ತದೆ. ಪಾಕೆಟ್ ಬಾಗಿಲು ಪೂರ್ತಿ ಒಳಗೆ ಹೋದರೆ ಮತ್ತೆ ಹೊರಗೆಳೆಯಲು ಅಂಚಿನಲ್ಲೂ ಒಂದು ಬೆರಳು ಹಿಡಿ ಬೇಕು. ಇದನ್ನು ಮರೆಯುವವರು ಎಷ್ಟೋ ಮಂದಿ.

ಹಾಗೆಂದು ಆಳ ಉಳಿಸಲು 6–7 ಮಿ.ಮೀ. ಬಟ್ಟಲಿನ ಹ್ಯಾಂಡಲ್ ಕೊಂಡರೆ ಬೇರೆ ತಾಪತ್ರಯ. ಟ್ರ್ಯಾಕ್, ರೋಲರ್ ಎಲ್ಲ ಸೇರಿ ಬರುವ ಈಗಿನ ಕಿಟ್‌ಗಳಲ್ಲಿ ಸಾಫ್ಟ್ ಕ್ಲೋಸ್ ಇರುತ್ತದಲ್ಲ, ಅದು ಬಾಗಿಲನ್ನು ಕೊನೆಗೆ ಮೆಲ್ಲಗೆ ಎಳೆದುಕೊಂಡು ಹೋಗಿ ಹಿಡಿದಿಟ್ಟುಕೊಳ್ಳುತ್ತದೆ. ತೆರೆಯುವಾಗ ಮೊದಲು ಆ ಸ್ಪ್ರಿಂಗಿನ ಹಿಡಿತ ಬಿಡಿಸಬೇಕು, ಅದಕ್ಕೆ ಒಂದು ಎಳೆತ ಜೋರಾಗಿ ಬೇಕು. ತೆಳು ಬಟ್ಟಲಿನಲ್ಲಿ ಒದ್ದೆ ಬೆರಳು ಜಾರುತ್ತದೆ, ಉಗುರು ಮುರಿಯುತ್ತದೆ. ವಯಸ್ಸಾದವರಿಗಂತೂ ಆಗುವುದೇ ಇಲ್ಲ. ಬಟ್ಟಲು ಕನಿಷ್ಠ 10–12 ಮಿ.ಮೀ. ಆಳ ಇರಬೇಕು, ಒಳ ಅಂಚು ಬೆರಳಿಗೆ ಸಿಕ್ಕುವಂತೆ ಸ್ವಲ್ಪ ಮಡಚಿರಬೇಕು. ಅಂಗಡಿಯಲ್ಲಿ ಕಣ್ಣಿನಿಂದ ಅಲ್ಲ, ನಾಲ್ಕು ಬೆರಳು ಹಾಕಿ ಪಕ್ಕಕ್ಕೆ ಎಳೆದು ನೋಡಿ. ಬರೀ ಅಂಟಿನಿಂದ ಕೂರುವ ದುಂಡು ಬಟ್ಟಲುಗಳನ್ನು ಸಾಫ್ಟ್ ಕ್ಲೋಸ್ ಬಾಗಿಲಿಗೆ ಹಾಕಿಸಲೇಬೇಡಿ, ಆ ಎಳೆತಕ್ಕೇ ಒಂದು ದಿನ ಕೈಗೆ ಬರುತ್ತವೆ. ಸಾಫ್ಟ್ ಕ್ಲೋಸ್‌ಗೆ ಬಾಗಿಲಿನ ಕನಿಷ್ಠ ಅಗಲ, ಕನಿಷ್ಠ ತೂಕ ಕೂಡ ಇರುತ್ತವೆ; ಹಗುರ ಬಾಗಿಲಿಗೆ ಭಾರದ ಬಾಗಿಲಿನ ಡ್ಯಾಂಪರ್ (ವೇಗ ತಗ್ಗಿಸುವ ಭಾಗ) ಹಾಕಿದರೆ ಬಾಗಿಲು ಪೂರ್ತಿ ಮುಚ್ಚದೆ ನಿಲ್ಲಬಹುದು.

ಗೋಡೆಯ ಹೊರಮೈ ಮೇಲೆ ಸರಿಯುವ ಬಾಗಿಲಿಗೆ ಮುಂದೆ ಉದ್ದ ಹಿಡಿ ಇರಬಹುದು, ಗೋಡೆ ಕಡೆಗೆ ಫ್ಲಶ್ ಮಾತ್ರ. ಇಲ್ಲಿ ಮೋಸ ಹೋಗುವುದು ಹಿಡಿಯ ಬೋಲ್ಟಿನಿಂದ. ಆರಪಾರ ಹೋದ ಬೋಲ್ಟಿನ ತಲೆ ಹಿಂದೆ 4–5 ಮಿ.ಮೀ. ಎದ್ದು ನಿಂತರೆ ಚೌಕಟ್ಟಿನ ಪಟ್ಟಿಯ ಮೇಲೆ ಉದ್ದಕ್ಕೂ ಗೀರು. ತಲೆ ಒಳಗೆ ಮುಳುಗುವಂತೆ ಕುಳಿ ಮಾಡಿಸಿ. ವಾರ್ಡ್ರೋಬಿನಲ್ಲಿ ಒಂದರ ಹಿಂದೊಂದು ಸರಿಯುವ ಬಾಗಿಲುಗಳಲ್ಲಿ ಹಿಂದಿನದಕ್ಕೆ ಎದ್ದು ನಿಲ್ಲುವ ಯಾವ ಹಿಡಿಯೂ ಬೇಡ.

ಇನ್ನು ತೂಕ. 2100 × 900 × 35 ಮಿ.ಮೀ. ಅಳತೆಯ ಗಟ್ಟಿ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬಾಗಿಲು ಸುಮಾರು 50 ಕೆ.ಜಿ. ತೂಗುತ್ತದೆ, ಅದೇ ಅಳತೆಯ ಪ್ಲೈವುಡ್ 40ರ ಆಸುಪಾಸು. ಗಾಜಿಗೆ ಲೆಕ್ಕ ಸುಲಭ: ಒಂದು ಚದರ ಮೀಟರಿಗೆ, ಪ್ರತಿ ಮಿ.ಮೀ. ದಪ್ಪಕ್ಕೆ, 2.5 ಕೆ.ಜಿ. ಅಂದರೆ 2100 × 900 ಅಳತೆಯ 10 ಮಿ.ಮೀ. ಗಾಜು 47 ಕೆ.ಜಿ. ಮುಟ್ಟುತ್ತದೆ. ಕಿಟ್ಟಿನ ಡಬ್ಬಿಯ ಮೇಲೆ ಬರೆದ 80 ಕೆ.ಜಿ. ಇಡೀ ಬಾಗಿಲಿಗೋ, ಒಂದು ರೋಲರ್‌ಗೋ ಎಂದು ಕೇಳಿ ತಿಳಿದುಕೊಳ್ಳಿ. ಬಾಗಿಲಿನ ನಿಜ ತೂಕಕ್ಕಿಂತ ಕಾಲು ಭಾಗವಾದರೂ ಹೆಚ್ಚು ಹೊರುವ ಕಿಟ್ ತೆಗೆದುಕೊಂಡರೆ ರೋಲರ್ ಬೇಗ ಚಪ್ಪಟೆಯಾಗುವುದಿಲ್ಲ. ಟೊಳ್ಳು ಬಾಗಿಲು ಹಗುರ ನಿಜ, ಆದರೆ ಹ್ಯಾಂಡಲ್ ಬರುವ ಜಾಗದಲ್ಲಿ ಒಳಗೆ ಮರದ ತುಂಡು ಇಲ್ಲದಿದ್ದರೆ ತಿರುಪು ಕೂರುವುದು 3 ಮಿ.ಮೀ. ಹೊದಿಕೆಯಲ್ಲಿ ಮಾತ್ರ. ಆ ತುಂಡು ಯಾವ ಬದಿಗಿದೆ ಎಂದು ಬಾಗಿಲು ತರುವಾಗಲೇ ಗುರುತು ಮಾಡಿಸಿಕೊಳ್ಳಿ.

ಟ್ರ್ಯಾಕ್ ಜಿಪ್ಸಮ್ ಬೋರ್ಡಿಗೆ ಬಿಗಿದರೆ ನಿಲ್ಲುವುದಿಲ್ಲ. ಹಿಂದೆ ಗಟ್ಟಿ ಮರವೋ ಕಾಂಕ್ರೀಟೋ ಇರಬೇಕು. ಮಟ್ಟ ಸ್ವಲ್ಪ ತಪ್ಪಿದರೂ ಬಾಗಿಲು ತಾನೇ ಉರುಳಿ ಹೋಗುತ್ತದೆ. ಬಾಗಿಲಿನ ತಳ ಅತ್ತಿತ್ತ ಆಡದಂತೆ ಹಿಡಿಯುವ ಗೈಡ್ ಕೂರಲು, ಬಾಗಿಲಿನ ಕೆಳ ಅಂಚಿನಲ್ಲಿ ಉದ್ದನೆಯ ಸೀಳನ್ನು ಲ್ಯಾಮಿನೇಟ್ ಅಂಟಿಸುವ ಮೊದಲೇ ಕೊರೆಸಿ. ಅದಿಲ್ಲದೆ ಬಾಗಿಲು ತೂಗಾಡಿ, ಹ್ಯಾಂಡಲ್ ಹಿಡಿದು ಎಳೆದಾಗಲೆಲ್ಲ ಗೋಡೆಗೆ ಬಡಿಯುತ್ತದೆ. ಸ್ನಾನದ ಕೋಣೆಯ ನೆಲದಲ್ಲಿ ಗೈಡ್‌ಗಾಗಿ ತೂತು ಹೊಡೆಯುವ ಮೊದಲು ಕೆಳಗೆ ವಾಟರ್‌ಪ್ರೂಫಿಂಗ್ ಪದರ ಎಲ್ಲಿದೆ ನೋಡಿ. ಗೋಡೆಗೇ ಬಿಗಿಯುವ ಗೈಡ್‌ಗಳೂ ಸಿಗುತ್ತವೆ.

ಪಾಕೆಟ್ ಗೋಡೆ ಮುಚ್ಚುವವರಿಗೆ ತಿರುಪಿನ ಉದ್ದ ಬರೆದುಕೊಡಿ: ಬೋರ್ಡಿನ ದಪ್ಪವೂ ಅದರ ಹಿಂದಿನ ಪಟ್ಟಿಯ ದಪ್ಪವೂ ಕೂಡಿದ್ದಕ್ಕಿಂತ ಅದು ಕಡಿಮೆಯೇ ಇರಬೇಕು. ಒಂದೇ ಒಂದು ತಿರುಪಿನ ತುದಿ ಒಳಗೆ ಇಣುಕಿದರೂ ಬಾಗಿಲಿನ ಮೈಮೇಲೆ ನೇರ ಗೀರು ಬೀಳುತ್ತದೆ. ಗೋಡೆ ಮುಚ್ಚಿದ ಮೇಲೆ ಆ ತಿರುಪನ್ನು ಹುಡುಕಿ ತೆಗೆಯುವುದು ಕಷ್ಟ. ಆಮೇಲೆ ಆ ಗೋಡೆಗೆ ಟವೆಲ್ ರಾಡ್ ಹಾಕಲು ಬರುವವರಿಗೂ ಇದೇ ಅಳತೆ ಹೇಳಬೇಕು. ಚೌಕಟ್ಟಿನ ಒಂದು ಬದಿಯ ಪಟ್ಟಿಯನ್ನು ಮೊಳೆ, ಅಂಟು ಹಾಕದೆ ತಿರುಪಿನಿಂದಲೇ ಕೂರಿಸಿದರೆ ರೋಲರ್ ಬದಲಿಸುವಾಗ ಬಾಗಿಲು ಅಲ್ಲಿಂದ ಹೊರಬರುತ್ತದೆ.